ಹಳೇ ಕಡತದ ಷರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಪಿಂಚಣಿ ಅರ್ಜಿಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯ ಕೇಳಿವೆ. ಸರ್ಕಾರ ಜನರ ಕೈಗೆ ಸುಮ್ನೆ ದುಡ್ಡು ಕೊಡುವುದು ಎಲ್ಲಿಂದ ಶುರುವಾಯಿತು, ಎಲ್ಲಿಗೆ ಹೋಗಿ ಮುಟ್ಟಿತು ಅಂತ. ನಾನು ತಾಲೂಕು ಕಚೇರಿಗಳಲ್ಲಿ 31 ವರ್ಷ ಕಡತ ಹೊತ್ತವನು. ಅದರಲ್ಲಿ 9 ವರ್ಷ ಪಿಂಚಣಿ ಶಾಖೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ್ದು ಅಂಚೆ ಮೂಲಕ, ಮಕ್ಕಳು ಮಲಗಿದ ಮೇಲೆ. ಈ ಎರಡರ ಬಲದಲ್ಲಿ ಉತ್ತರ ಹೇಳುತ್ತೇನೆ.

ಪ್ರಶ್ನೆ: ಗೃಹಲಕ್ಷ್ಮಿ ದುಡ್ಡು ಬರಲು ಶುರುವಾದಾಗಿನಿಂದ ನಮ್ಮೂರ ಅರಳಿಕಟ್ಟೆಯಲ್ಲಿ ದಿನಾ ಇದೇ ಜಗಳ. ಕೆಲಸ ಕೇಳದೆ ದುಡ್ಡು ಕೊಡುವ ಈ ಬುದ್ಧಿ ಮೊದಲು ಯಾರಿಗೆ ಬಂತು? ವೋಟಿಗಾಗಿ ನಮ್ಮವರೇ ಕಂಡುಹಿಡಿದದ್ದಾ?
— ಒಬ್ಬ ಓದುಗರು, ಅರಸೀಕೆರೆ

ಅಷ್ಟು ದೊಡ್ಡ ಕೀರ್ತಿಯನ್ನು ನಮ್ಮವರಿಗೆ ಕೊಡಬೇಡಿ. ಇದಕ್ಕೆ ಇನ್ನೂರು ವರ್ಷ ದಾಟಿದೆ.

1797ರಲ್ಲಿ ಥಾಮಸ್ ಪೇನ್ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ ಬೆಂಕಿಯಂಥ ಕರಪತ್ರ ಬರೆದವನು ಇವನೇ. ಅವನ ಲೆಕ್ಕ ಹೀಗಿತ್ತು. ಭೂಮಿ ಮೂಲದಲ್ಲಿ ಎಲ್ಲರದು. ಯಾರೋ ಬೇಲಿ ಹಾಕಿ ತಮ್ಮ ಹೆಸರಿಗೆ ಪಹಣಿ ಮಾಡಿಸಿಕೊಂಡರು. (ಪಹಣಿ ನನ್ನ ಮಾತು, ಪೇನ್‌ಗೆ ಆ ಭಾಗ್ಯ ಇರಲಿಲ್ಲ.) ಉತ್ತು ಬಿತ್ತಿ ಹೆಚ್ಚಿಸಿದ ಬೆಲೆ ಅವರದೇ ಇರಲಿ. ಆದರೆ ಬರೀ ನೆಲದ ಬೆಲೆಗೆ ಅವರು ಮಿಕ್ಕವರಿಗೆ ಬಾಕಿದಾರರು. ಆದ್ದರಿಂದ ಆಸ್ತಿ ವಾರಸುದಾರರಿಗೆ ಹೋಗುವಾಗ ಅದರಲ್ಲಿ ಒಂದು ಪಾಲು ಹಿಡಿದು ನಿಧಿ ಮಾಡಿ. 21 ವರ್ಷ ತುಂಬಿದ ಎಲ್ಲರಿಗೂ ಒಂದು ಸಲ 15 ಪೌಂಡ್ ಕೊಡಿ. 50 ತುಂಬಿದವರಿಗೆ ಬದುಕಿರುವವರೆಗೆ ವರ್ಷಕ್ಕೆ 10 ಪೌಂಡ್ ಕೊಡಿ. ಗಂಡಿಗೂ ಹೆಣ್ಣಿಗೂ, ಬಡವನಿಗೂ ಸಾಹುಕಾರನಿಗೂ. ತಾನು ಕೇಳುತ್ತಿರುವುದು ದಾನವಲ್ಲ, ಹಕ್ಕು ಎಂದ.

ಅದೇ ವರ್ಷ ಲಂಡನ್ನಿನಲ್ಲಿ ಥಾಮಸ್ ಸ್ಪೆನ್ಸ್ ಎಂಬ ಪುಸ್ತಕ ವ್ಯಾಪಾರಿ ಇದು ಏನೇನೂ ಸಾಲದು ಎಂದು ಎದ್ದ. ಪುಸ್ತಕ ಮಾರಿದ್ದಕ್ಕೇ ಜೈಲು ಕಂಡವನು. ಊರಿನ ನೆಲವೆಲ್ಲ ಊರಿಗೇ ಸೇರಲಿ, ಗೇಣಿಗೆ ಕೊಡಲಿ, ಖರ್ಚು ಕಳೆದು ಉಳಿದದ್ದನ್ನು ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಸಮನಾಗಿ ಹಂಚಲಿ ಎಂದ. ತೊಟ್ಟಿಲಲ್ಲಿರುವ ಕೂಸಿಗೂ ಒಂದು ಪಾಲು. ಇದನ್ನೆಲ್ಲ ಅವನು ಒಬ್ಬ ತಾಯಿಯ ಬಾಯಲ್ಲಿ ಹೇಳಿಸಿದ್ದಾನೆ. ಆ ತಾಯಿ ಜಮೀನ್ದಾರನಿಗೆ ಸರಿಯಾಗಿ ಬೈಯುತ್ತಾಳೆ.

ಎರಡೂ ಜಾರಿಗೆ ಬರಲಿಲ್ಲ. ನಿಮ್ಮ ಕಟ್ಟೆಯಲ್ಲಿ ಇದನ್ನು ಹೇಳಿ ನೋಡಿ. ಜಗಳ ನಿಲ್ಲುವುದಿಲ್ಲ, ಆದರೆ ಸ್ವಲ್ಪ ಹೊತ್ತು ಬೇರೆ ದಿಕ್ಕಿಗೆ ಹೋಗುತ್ತದೆ.

ಪ್ರಶ್ನೆ: ಅಮೆರಿಕದ ಅಧ್ಯಕ್ಷ ನಿಕ್ಸನ್ ಪ್ರತಿ ಬಡ ಕುಟುಂಬಕ್ಕೂ ಖಾತ್ರಿ ಆದಾಯ ಕೊಡಲು ಹೊರಟಿದ್ದರು ಎಂದು ನಮ್ಮ ಮೇಷ್ಟ್ರು ಹೇಳಿದರು. ನಂಬಲು ಆಗಲಿಲ್ಲ. ನಿಜವೇ ಸಾರ್? ನಿಜವಾದರೆ ಯಾಕೆ ನಿಂತಿತು?
— ಬಿ.ಎ. ವಿದ್ಯಾರ್ಥಿನಿ, ಧಾರವಾಡ

ನಿಮ್ಮ ಮೇಷ್ಟ್ರು ಹೇಳಿದ್ದು ನಿಜ. ಯಾಕೆ ನಿಂತಿತು ಅನ್ನುವುದಕ್ಕೆ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

1994. ಆಗ ನಾನಿದ್ದ ತಾಲೂಕಿನಲ್ಲಿ ಒಬ್ಬ ಹೆಂಗಸಿನ ವಿಧವಾ ವೇತನದ ಅರ್ಜಿ ಮೂರನೇ ಸಲ ಬಂತು. ಕಡತದ ಟಿಪ್ಪಣಿ ಹಾಳೆಯಲ್ಲಿ ಕೆಂಪು ಶಾಯಿಯ ಒಂದು ಷರಾ: ‘ಮಗ ಬೆಂಗಳೂರಿನಲ್ಲಿ ದುಡಿಯುತ್ತಾನೆ. ತಿರಸ್ಕರಿಸಬಹುದು.’ ಬರೆದವರು ನನಗಿಂತ ಇಬ್ಬರು ಹಿಂದಿನ ಕೇಸ್ ವರ್ಕರ್. ಅವರ ನಂತರ ಬಂದವರು ‘ಹಿಂದಿನ ಷರಾ ನೋಡಿದೆ’ ಎಂದು ಸಹಿ ಹಾಕಿದ್ದರು. ನಾನು ‘ಹಿಂದಿನಂತೆ’ ಎಂದು ಬರೆದು ಕಡತ ಮೇಲಕ್ಕೆ ಕಳಿಸಿದೆ. ಎರಡು ತಿಂಗಳ ಮೇಲೆ ಬೇರೆ ಯಾವುದೋ ಮಹಜರಿಗೆ ಆ ಊರಿಗೆ ಹೋಗಿದ್ದೆ. ಆಕೆ ಜಗಲಿಯ ಮೇಲೆ ಕೂತು ಕೂಲಿಗೆ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದರು. ಮಗ ಎಲ್ಲಿ ಅಂತ ಕೇಳಿದೆ. ಸುತ್ತಿಗೆ ಎತ್ತಿ ಒಳಗಿನ ಗೋಡೆ ತೋರಿಸಿದರು. ‘ಅಲ್ಲವ್ನೆ ನೋಡಿ ಸ್ವಾಮಿ’ ಅಂದರು. ಫೋಟೋ, ಅದಕ್ಕೊಂದು ಪ್ಲಾಸ್ಟಿಕ್ ಹಾರ. ಷರಾ ಬರೆದ ದಿನಕ್ಕೇ ಆ ಹುಡುಗ ತೀರಿಕೊಂಡು ವರ್ಷವಾಗಿತ್ತು.

ಈಗ ನಿಕ್ಸನ್ ಕಡೆ ಬರೋಣ. ಆ ಕಡತದಲ್ಲೂ ಒಂದು ಹಳೇ ಷರಾ ಇದೆ.

1795ರಲ್ಲಿ ಇಂಗ್ಲೆಂಡಿನಲ್ಲಿ ಬೆಳೆ ಕೈಕೊಟ್ಟಿತ್ತು, ಫ್ರಾನ್ಸ್ ಜೊತೆ ಯುದ್ಧ ಬೇರೆ. ರೊಟ್ಟಿಯ ಬೆಲೆ ಮೇಲೇರಿತು. ಮೇ 6ರಂದು ಬರ್ಕ್‌ಶೈರ್ ಸೀಮೆಯ ನ್ಯಾಯಾಧಿಕಾರಿಗಳು ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿನ ಪೆಲಿಕನ್ ಎಂಬ ಛತ್ರದಂಥ ಜಾಗದಲ್ಲಿ ಸೇರಿದರು. ಕೂಲಿ ದರ ನಿಗದಿ ಮಾಡಬೇಕು ಅಂತ ಸೇರಿದವರು ಅದನ್ನು ಬಿಟ್ಟು ಒಂದು ಪಟ್ಟಿ ಮಾಡಿದರು. ಸುಮಾರು 4 ಕೆಜಿ ತೂಗುವ ರೊಟ್ಟಿಗೆ 1 ಶಿಲಿಂಗ್ ಬೆಲೆ ಇದ್ದಾಗ ದುಡಿಯುವ ಬಡವನಿಗೆ ವಾರಕ್ಕೆ 3 ಶಿಲಿಂಗ್ ಸಿಗಬೇಕು. ಹೆಂಡತಿಗೆ, ಮನೆಯ ಮಿಕ್ಕ ಪ್ರತಿಯೊಬ್ಬರಿಗೆ ತಲಾ ಒಂದೂವರೆ ಶಿಲಿಂಗ್. ಕೂಲಿಯಿಂದ ಅಷ್ಟು ಹುಟ್ಟದಿದ್ದರೆ ಕೊರತೆಯನ್ನು ಊರಿನ ತೆರಿಗೆಯಿಂದ ತುಂಬಿ ಕೊಡುವುದು. ರೊಟ್ಟಿ ಬೆಲೆ ಏರಿದಂತೆ ಇದೂ ಏರುತ್ತದೆ. ತುಟ್ಟಿಭತ್ಯೆ ಅಂದರೆ ನಮ್ಮ ನೌಕರ ಮಿತ್ರರಿಗೆ ತಟ್ಟನೆ ಅರ್ಥವಾದೀತು.

ಇದು ದಕ್ಷಿಣ ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಂದೊಂದು ಕಡೆ ಒಂದೊಂದು ರೂಪದಲ್ಲಿ ನಡೆಯಿತು. 1832ರಲ್ಲಿ ಒಂದು ಆಯೋಗ ಕೂತಿತು. ನಸ್ಸೌ ಸೀನಿಯರ್, ಎಡ್ವಿನ್ ಚಾಡ್ವಿಕ್ ಎಂಬಿಬ್ಬರು 1834ರ ವರದಿಯನ್ನು ಬರೆದರು. ದುಡ್ಡು ಕೊಟ್ಟಿದ್ದರಿಂದ ಕೂಲಿಯವನು ಸೋಮಾರಿಯಾದ, ಮಾಲೀಕ ಕೂಲಿ ಇಳಿಸಿದ, ಎಲ್ಲವೂ ಕೆಟ್ಟುಹೋಯಿತು ಎಂದು ಷರಾ. ಊರೂರಿಗೆ ಪ್ರಶ್ನಾವಳಿ ಕಳಿಸಿದ್ದರು, ಉತ್ತರಗಳ ರಾಶಿಯೇ ಬಂದಿತ್ತು. ಅದನ್ನು ನೆಟ್ಟಗೆ ಲೆಕ್ಕ ಹಾಕುವ ಮೊದಲೇ ವರದಿಯ ಬಹುಭಾಗ ಸಿದ್ಧವಾಗಿತ್ತು. ಮಹಜರಿಗೆ ಹೋಗದೆ ಕಚೇರಿಯಲ್ಲೇ ಮಹಜರು ಬರೆಯುವುದು ಅಂತೀವಲ್ಲ, ಹಾಗೆ. ಅದರ ಮೇಲೆ ಹೊಸ ಕಾನೂನು ಬಂತು. ಮೈಗಟ್ಟಿ ಇರುವವನಿಗೆ ಸಹಾಯ ಬೇಕಾದರೆ ಮನೆ ಬಿಟ್ಟು ಸರ್ಕಾರಿ ದುಡಿಮೆ ಮನೆ ಸೇರಬೇಕು. ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ.

ಸುಮ್ನೆ ಕೊಟ್ಟರೆ ಕೆಡುತ್ತಾರೆ ಎಂಬ ಇದೇ ಯೋಚನೆ ಹಡಗು ಹತ್ತಿ ನಮ್ಮ ಕಡೆಗೂ ಬಂತು. 1876–78ರ ಧಾತು ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಬೆಂದುಹೋಗಿತ್ತು. ಬರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಸಾಕು ಎಂದು 1877ರಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಒಂದು ಪೌಂಡ್ ಅಂದರೆ ಅರ್ಧ ಕೆಜಿಗೂ ಕಮ್ಮಿ. ಅಷ್ಟು ತಿಂದು ಕಲ್ಲು ಮಣ್ಣು ಹೊರಬೇಕು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ ಮೇಲೆ ಕೂಲಿ ಸ್ವಲ್ಪ ಏರಿತು.

ಇನ್ನು 1969. ಅಮೆರಿಕದಲ್ಲಿ ಆಗ ಇದ್ದ ಸಹಾಯಧನ ಹೆಚ್ಚಾಗಿ ಗಂಡ ಮನೆಯಲ್ಲಿಲ್ಲದ ತಾಯಂದಿರಿಗೆ. ಒಂದು ರಾಜ್ಯದಲ್ಲಿ ತಿಂಗಳಿಗೆ 263 ಡಾಲರ್, ಇನ್ನೊಂದರಲ್ಲಿ 39. ಇದನ್ನು ಸರಿಮಾಡಬೇಕು ಎಂದು ಎಡದವರೂ ಬಲದವರೂ ಹೇಳುತ್ತಿದ್ದರು. ಮಾರುಕಟ್ಟೆಯೇ ದೇವರು ಎನ್ನುವ ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ಇದಕ್ಕೊಂದು ಸೂತ್ರ ಬರೆದಿದ್ದರು. ಆದಾಯ ಜಾಸ್ತಿ ಇದ್ದವನು ತೆರಿಗೆ ಕಟ್ಟುತ್ತಾನೆ, ಕಮ್ಮಿ ಇದ್ದವನಿಗೆ ತೆರಿಗೆ ಇಲಾಖೆಯೇ ತಿರುಗಿಸಿ ಕೊಡಲಿ ಎಂದು. ಮಾರ್ಟಿನ್ ಲೂಥರ್ ಕಿಂಗ್ 1967ರಲ್ಲಿ ಖಾತ್ರಿ ಆದಾಯವೇ ಬಡತನಕ್ಕೆ ನೇರ ಮದ್ದು ಎಂದು ಬರೆದರು. 1968ರಲ್ಲಿ ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಸಹಿ ಹಾಕಿ ಮನವಿ ಕೊಟ್ಟರು. ಅದರಲ್ಲಿ ಗಾಲ್‌ಬ್ರೈತ್ ಇದ್ದರು, ಸ್ಯಾಮ್ಯುಯೆಲ್ಸನ್ ಇದ್ದರು.

ಆಗಸ್ಟ್ 8, 1969ರ ರಾತ್ರಿ ನಿಕ್ಸನ್ ಟಿವಿಯಲ್ಲಿ ಯೋಜನೆ ಹೇಳಿದರು. ಏನೂ ಆದಾಯವಿಲ್ಲದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 1,600 ಡಾಲರ್. ದುಡಿದರೆ ಮೊದಲ 720 ಡಾಲರ್ ಮುಟ್ಟುವುದಿಲ್ಲ. ಅದರ ಮೇಲೆ ದುಡಿದ ಪ್ರತಿ ಡಾಲರ್‌ಗೆ ಅರ್ಧ ಡಾಲರ್ ಕಡಿತ. ಲೆಕ್ಕ ಮಾಡಿ ನೋಡಿ. 2,000 ದುಡಿದ ಮನೆಗೆ ಸರ್ಕಾರದ್ದು 960 ಸೇರಿ 2,960 ಆಗುತ್ತದೆ. 3,920 ದುಡಿದರೆ ಸಹಾಯ ಸೊನ್ನೆ. ಜಾಸ್ತಿ ದುಡಿದವನ ಕೈಯಲ್ಲಿ ಯಾವಾಗಲೂ ಜಾಸ್ತಿಯೇ ಉಳಿಯುತ್ತದೆ. ಈ ಒಂದು ಅಂಶ ನನಗೆ ತುಂಬಾ ಹಿಡಿಸಿತು. ನಮ್ಮಲ್ಲಿ ಆದಾಯ ಮಿತಿಗಿಂತ ಒಂದು ರೂಪಾಯಿ ಜಾಸ್ತಿಯಾದರೆ ಇಡೀ ಅರ್ಜಿಯೇ ಬಿದ್ದುಹೋಗುತ್ತದೆ. ಅದಕ್ಕೇ ಜನ ಆದಾಯ ಪ್ರಮಾಣಪತ್ರಕ್ಕೆ ಅಷ್ಟು ಒದ್ದಾಡುವುದು.

ಆದರೆ ಆ ಭಾಷಣಕ್ಕೆ ನಾಲ್ಕು ತಿಂಗಳ ಮುಂಚೆಯೇ ಕಡತದಲ್ಲಿ ಷರಾ ಬಿದ್ದಿತ್ತು. ಮಾರ್ಟಿನ್ ಆಂಡರ್ಸನ್ ಎಂಬ ಸಲಹೆಗಾರ ಏಪ್ರಿಲ್‌ನಲ್ಲಿ ನಿಕ್ಸನ್‌ಗೆ ಒಂದು ಟಿಪ್ಪಣಿ ಕಳಿಸಿದ. ಅದರ ತುಂಬ ಸ್ಪೀನ್‌ಹ್ಯಾಮ್‌ಲ್ಯಾಂಡ್ ಕಥೆ. ಕಾರ್ಲ್ ಪೊಲಾನಿ 1944ರಲ್ಲಿ ಬರೆದ ಪುಸ್ತಕದಿಂದ ಎತ್ತಿದ ಸಾಲುಗಳು. ಪೊಲಾನಿ ಸಮಾಜವಾದಿ, ಬಡವರ ಪರ. ಅವರೂ ಆ 1834ರ ವರದಿಯನ್ನೇ ಮುಕ್ಕಾಲು ಪಾಲು ನಂಬಿದ್ದರು. ನಿಕ್ಸನ್ ಬೆಚ್ಚಿ, ಇದು ಸರಿಯೇ ನೋಡಿ ಎಂದು ತಮ್ಮವರಿಗೆ ಹೇಳಿದರು. 175 ವರ್ಷದ ಹಿಂದಿನ ರೊಟ್ಟಿ ಪಟ್ಟಿಯನ್ನು ವೈಟ್‌ಹೌಸ್‌ನಲ್ಲಿ ಕೂತು ತಿರುವಿ ಹಾಕುವುದನ್ನು ನೆನೆಸಿಕೊಳ್ಳಿ! ತಮಾಷೆಯೆಂದರೆ, ಮಾರ್ಕ್ ಬ್ಲಾಗ್ ಎಂಬ ಅರ್ಥಶಾಸ್ತ್ರಜ್ಞ 1963–64ರಲ್ಲೇ ಹಳೇ ದಾಖಲೆಗಳನ್ನು ಮತ್ತೆ ಲೆಕ್ಕ ಹಾಕಿ, ಆ ವರದಿ ಕಾರಣವನ್ನೂ ಪರಿಣಾಮವನ್ನೂ ಅದಲು ಬದಲು ಮಾಡಿದೆ ಎಂದು ಬರೆದಿದ್ದ. ಕೂಲಿ ಮೊದಲೇ ಬಿದ್ದಿತ್ತು, ಕೆಲಸ ಮೊದಲೇ ಇರಲಿಲ್ಲ. ಅದಕ್ಕೇ ಸಹಾಯ ಕೊಡಬೇಕಾಗಿ ಬಂದದ್ದು. ಆದರೆ ಈ ಹಾಳೆ ಕಡತಕ್ಕೆ ಸೇರಿದ್ದರೂ ಮೇಲೆ ಬರಲಿಲ್ಲ.

ನಿಕ್ಸನ್ ಯೋಜನೆ ಕೈಬಿಡಲಿಲ್ಲ. ಆದರೆ ಕೆಲಸದ ಷರತ್ತು ಗಟ್ಟಿ ಮಾಡಿದರು, ‘ಇದು ಖಾತ್ರಿ ಆದಾಯ ಅಲ್ಲ’ ಎಂದು ಆ ಭಾಷಣದಲ್ಲೇ ಹೇಳಿದರು. 1970ರ ಏಪ್ರಿಲ್‌ನಲ್ಲಿ ಕೆಳಮನೆಯಲ್ಲಿ 243–155ರಿಂದ ಪಾಸಾಯಿತು. ಸೆನೆಟ್‌ನ ಹಣಕಾಸು ಸಮಿತಿಯಲ್ಲಿ ಕೂತುಬಿಟ್ಟಿತು. ದಕ್ಷಿಣದ ಸೆನೆಟರುಗಳಿಗೆ ಇದು ಜಾಸ್ತಿ ಅನಿಸಿತು. ಸಹಾಯಧನ ಪಡೆಯುವ ತಾಯಂದಿರ ಸಂಘಟನೆಗೆ ಕಮ್ಮಿ ಅನಿಸಿತು. ಅವರು ಕೇಳುತ್ತಿದ್ದದ್ದು 5,500 ಡಾಲರ್, ಜೊತೆಗೆ ಕೆಲಸದ ಷರತ್ತು ಬೇಡ ಅಂತ. ಎರಡೂ ಕಡೆಯಿಂದ ಎಳೆದು 1972ರ ಹೊತ್ತಿಗೆ ಹರಿದುಹೋಯಿತು. ಆದ್ದರಿಂದ ಷರಾ ಒಂದೇ ಕೊಂದಿತು ಅಂತ ನಾನು ಹೇಳುವುದಿಲ್ಲ. ನಡು ಮುರಿದದ್ದಂತೂ ಹೌದು. ಮುದುಕರು, ಕಣ್ಣಿಲ್ಲದವರು, ಅಂಗವಿಕಲರ ಪಾಲು ಮಾತ್ರ ಆ ವರ್ಷ ಕಾನೂನಾಗಿ ಉಳಿಯಿತು. ಇವರನ್ನು ಯಾರೂ ಸೋಮಾರಿ ಅನ್ನುವ ಹಾಗಿರಲಿಲ್ಲವಲ್ಲ.

ನನ್ನ ಕಡತ ಏನಾಯಿತು ಅಂತ ಕೇಳುತ್ತೀರಿ. ಮರಣ ಪತ್ರ ತರಿಸಿ ಹೊಸದಾಗಿ ಮಂಡಿಸಿದೆ, ಮಂಜೂರಾಯಿತು. ಹಿಂದಿನ ವರ್ಷಗಳದ್ದು ಬರಲಿಲ್ಲ.

ಪ್ರಶ್ನೆ: ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಅಂತ ಗಾದೆಯೇ ಇದೆ. ದುಡ್ಡು ಕೊಟ್ಟರೆ ಯಾರು ಕೆಲಸಕ್ಕೆ ಹೋಗ್ತಾರೆ? ನಮ್ಮ ತೋಟಕ್ಕೆ ಈಗಲೇ ಆಳು ಸಿಗುತ್ತಿಲ್ಲ. ಎಲ್ಲಾದರೂ ಕೊಟ್ಟು ನೋಡಿದ್ದಾರಾ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಕೊಟ್ಟು ನೋಡಿದ್ದಾರೆ. ಅಮೆರಿಕದಲ್ಲಿ 1968ರಿಂದ ನ್ಯೂಜೆರ್ಸಿ, ಆಮೇಲೆ ಅಯೋವಾ, ಉತ್ತರ ಕೆರೊಲಿನಾ, ಗ್ಯಾರಿ, ಸಿಯಾಟಲ್, ಡೆನ್ವರ್‌ಗಳಲ್ಲಿ ಸಾವಿರಾರು ಕುಟುಂಬಗಳಿಗೆ ದುಡ್ಡು ಕೊಟ್ಟು ಲೆಕ್ಕ ಇಟ್ಟರು. ಗಂಡಸರ ಕೆಲಸದ ಗಂಟೆ ಸ್ವಲ್ಪ ಇಳಿಯಿತು, ಹೆಂಗಸರದು ಇನ್ನೂ ಸ್ವಲ್ಪ ಜಾಸ್ತಿ ಇಳಿಯಿತು. ಯಾರೂ ಗುಂಪುಗುಂಪಾಗಿ ಕೆಲಸ ಬಿಡಲಿಲ್ಲ. ಅಷ್ಟರಲ್ಲಿ ಸಿಯಾಟಲ್–ಡೆನ್ವರ್‌ನಿಂದ ಇನ್ನೊಂದು ಸುದ್ದಿ ಬಂತು, ದುಡ್ಡು ಸಿಕ್ಕವರ ಮನೆಯಲ್ಲಿ ಮದುವೆ ಮುರಿಯುವುದು ಜಾಸ್ತಿ ಅಂತ. ನಿಕ್ಸನ್ ಯೋಜನೆಯನ್ನು ಕಟ್ಟಿದ ಮೊಯ್ನಿಹಾನ್ 1978ರಲ್ಲಿ ಇದನ್ನು ಕೇಳಿ ತಾವೇ ತಪ್ಪಿದೆವು ಎಂದು ಹಿಂದೆ ಸರಿದರು. 1990ರಲ್ಲಿ ಅದೇ ಅಂಕಿ ಅಂಶ ಮತ್ತೆ ತೆಗೆದು ನೋಡಿದವರು ಆ ತೀರ್ಮಾನ ನಿಲ್ಲುವುದಿಲ್ಲ ಎಂದರು. ಆಗ ಕೇಳುವವರು ಯಾರಿದ್ದರು?

ನನಗೆ ಇಷ್ಟವಾದದ್ದು ಕೆನಡಾದ್ದು. ಮ್ಯಾನಿಟೋಬಾ ಪ್ರಾಂತ್ಯದ ಡಾಫಿನ್ ಎಂಬ ಸಣ್ಣ ಪಟ್ಟಣ, ಸುತ್ತ ಗೋಧಿ ಬೆಳೆಯುವ ಸೀಮೆ. 1974ರಿಂದ 1979ರವರೆಗೆ ಅಲ್ಲಿ ಒಂದು ಯೋಜನೆ ನಡೆಯಿತು. ಆರಿಸಿದ ಕೆಲವರಿಗಷ್ಟೇ ಅಲ್ಲದೆ ಇಡೀ ಊರಿಗೇ ಖಾತ್ರಿ. ಆದಾಯ ಒಂದು ಮಟ್ಟದಿಂದ ಕೆಳಗೆ ಬಿದ್ದರೆ ಯಾರು ಬೇಕಾದರೂ ಕೇಳಬಹುದು. ಆಮೇಲೆ ಸರ್ಕಾರಗಳು ಬದಲಾದವು, ದುಡ್ಡು ಮುಗಿಯಿತು. ಕೊನೆಯ ವರದಿ ಬರೆಯುವವರೇ ಇಲ್ಲದೆ ದಾಖಲೆಗಳು ಸುಮಾರು 1,800 ಪೆಟ್ಟಿಗೆಗಳಲ್ಲಿ ಧೂಳು ತಿನ್ನುತ್ತ ಕೂತವು. ನಮ್ಮ ರೆಕಾರ್ಡ್ ರೂಂ ಕಂಡವರಿಗೆ ಆ ವಾಸನೆ ಗೊತ್ತು. ಮೂವತ್ತು ವರ್ಷದ ಮೇಲೆ ಎವೆಲಿನ್ ಫರ್ಜೆ ಎಂಬ ಅರ್ಥಶಾಸ್ತ್ರಜ್ಞೆ ಆ ಪೆಟ್ಟಿಗೆಗಳ ಬೆನ್ನು ಹತ್ತಿದರು. ಜೊತೆಗೆ ಆ ಕಾಲದ ಸರ್ಕಾರಿ ಆರೋಗ್ಯ ದಾಖಲೆಗಳನ್ನೂ ತೆಗೆದು ನೋಡಿದರು. 2011ರಲ್ಲಿ ಅವರು ಬರೆದದ್ದು ಹೀಗೆ: ಅದೇ ಪ್ರಾಂತ್ಯದ ಅಂಥದೇ ಜನರಿಗೆ ಹೋಲಿಸಿದರೆ ಡಾಫಿನ್‌ನವರು ಆಸ್ಪತ್ರೆ ಸೇರುವುದು 8.5% ಕಮ್ಮಿಯಾಯಿತು. ಅಪಘಾತ, ಗಾಯ, ಮನಸ್ಸಿನ ಕಾಯಿಲೆಯಲ್ಲಿ ಮುಖ್ಯವಾಗಿ ಇಳಿತ. ಕೆಲಸ ಕಮ್ಮಿ ಮಾಡಿದವರು ಯಾರು ಅಂದರೆ ಬಾಣಂತಿಯರು, ಮತ್ತೆ ಶಾಲೆ ಬಿಡುವ ಬದಲು 12ನೇ ತರಗತಿ ಮುಗಿಸಿದ ಹುಡುಗರು.

ನಮ್ಮ ದೇಶದ್ದೂ ಒಂದಿದೆ. 2011ರಿಂದ ಮಧ್ಯಪ್ರದೇಶದ 8 ಹಳ್ಳಿಗಳಲ್ಲಿ ದುಡಿಯುವ ಹೆಂಗಸರ ‘ಸೇವಾ’ ಸಂಘಟನೆ ಯುನಿಸೆಫ್ ನೆರವಿನಿಂದ ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100 ಕೊಟ್ಟಿತು. ವರ್ಷದ ಮೇಲೆ 300, 150 ಮಾಡಿತು. ಗಂಡನದು ಗಂಡನಿಗೆ, ಹೆಂಡತಿಯದು ಹೆಂಡತಿಗೆ, ಮಕ್ಕಳದು ತಾಯಿಯ ಕೈಗೆ. ಷರತ್ತು ಯಾವುದೂ ಇಲ್ಲ. ಜನ ಆಡು, ಕೋಳಿ, ಎಮ್ಮೆ ಕೊಂಡರು, ಮಕ್ಕಳ ತೂಕ ಏರಿತು. ಕೂಲಿಗೆ ಹೋಗುವುದು ಕಮ್ಮಿಯಾಗಿ ತಮ್ಮದೇ ಹೊಲದಲ್ಲಿ ದುಡಿಯುವುದು ಜಾಸ್ತಿಯಾಯಿತು.

ಈಗ ನಿಮ್ಮ ತೋಟದ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಆ ಕೊನೆಯ ಸಾಲು ನಿಮಗೆ ಕಷ್ಟದ್ದೇ. ಕೈಯಲ್ಲಿ ನಾಲ್ಕು ಕಾಸು ಇದ್ದವನು ಮಳೆಯಲ್ಲಿ ಕೊಳೆ ಔಷಧಿ ಹೊಡೆಯಲು ಮರ ಹತ್ತಬೇಕಾದರೆ ಜಾಸ್ತಿ ಕೂಲಿ ಕೇಳುತ್ತಾನೆ. ಅದನ್ನು ಸೋಮಾರಿತನ ಅಂತ ಬರೆಯಲು ನನ್ನ ಕೈ ಈಗ ಏಳುವುದಿಲ್ಲ.

ಪ್ರಶ್ನೆ: ಗೃಹಲಕ್ಷ್ಮಿಯನ್ನೇ ‘ಸಾರ್ವತ್ರಿಕ ಮೂಲ ಆದಾಯ’ ಅನ್ನಬಹುದಾ?
— ಶಿಕ್ಷಕಿ, ಮಂಡ್ಯ

ಅನ್ನಲಾಗದು. ಎಲ್ಲರಿಗೂ, ತಲಾ ಒಬ್ಬರಿಗೆ, ಷರತ್ತಿಲ್ಲದೆ ಸಿಕ್ಕರೆ ಅದು ಮೂಲ ಆದಾಯ. ಗೃಹಲಕ್ಷ್ಮಿಯ 2,000 ಮನೆಗೊಬ್ಬ ಯಜಮಾನಿಗೆ, ಅದೂ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಮನೆಗಳನ್ನು ಬಿಟ್ಟು. ಒಂದು ಮೆಚ್ಚಬೇಕು, ಸಿಕ್ಕಿದ್ದನ್ನು ಏನು ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ಮಾದರಿಗೆ ಹತ್ತಿರದ್ದು ಅಲಾಸ್ಕಾ. ತೈಲದ ದುಡ್ಡನ್ನು 1976ರಲ್ಲಿ ನಿಧಿ ಮಾಡಿ, 1982ರಲ್ಲಿ ಅಲ್ಲಿನ ಪ್ರತಿ ನಿವಾಸಿಗೂ ಮೊದಲ ಸಲ 1,000 ಡಾಲರ್ ಹಂಚಿದರು. ಕೂಸಿಗೂ ಸೇರಿ. ಸ್ಪೆನ್ಸ್ ನೋಡಿದ್ದರೆ ಕುಣಿಯುತ್ತಿದ್ದ. ನಮ್ಮ ಕೇಂದ್ರದ 2016–17ರ ಆರ್ಥಿಕ ಸಮೀಕ್ಷೆಯೂ ತಲೆಗೆ ವರ್ಷಕ್ಕೆ 7,620 ರೂಪಾಯಿಯ ಲೆಕ್ಕ ಹಾಕಿತ್ತು. ಲೆಕ್ಕವಾಗಿಯೇ ಉಳಿಯಿತು.

ಪ್ರಶ್ನೆ: ನಿಮ್ಮ ಬರಹ ಓದುತ್ತಾ ಬಂದಿದ್ದೇನೆ. ನೀವು ಯಾವ ಪಕ್ಷದವರು?
— ಒಬ್ಬ ಓದುಗರು, ಬೆಂಗಳೂರು

ಪಿಂಚಣಿದಾರರ ಪಕ್ಷ. ನನ್ನದೂ ತಿಂಗಳ ಕೊನೆಗೆ ಬರುತ್ತದೆ, ಕೆಲಸ ಮಾಡದೆ.

ಪ್ರಶ್ನೆ: ನಮ್ಮ ಅತ್ತೆಯವರ ಸಂಧ್ಯಾ ಸುರಕ್ಷಾ ನಾಲ್ಕು ತಿಂಗಳಿಂದ ಬಂದಿಲ್ಲ. ಕೇಳಿದರೆ ‘ಮೇಲಿಂದಲೇ ನಿಂತಿದೆ’ ಅಂತಾರೆ. ಏನು ಮಾಡಲಿ?
— ಗೃಹಿಣಿ, ಹಿರಿಯೂರು

ಮೊದಲು ಬ್ಯಾಂಕಿಗೆ ಅಥವಾ ಅಂಚೆ ಕಚೇರಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಆಧಾರ್ ಜೋಡಣೆ ಸರಿ ಇದೆಯಾ ಕೇಳಿ. ಎಷ್ಟೋ ಸಲ ದುಡ್ಡು ಅತ್ತೆಯವರ ಇನ್ನೊಂದು ಹಳೇ ಖಾತೆಗೆ ಹೋಗಿ ಕೂತಿರುತ್ತದೆ. ಅಲ್ಲಿ ಇಲ್ಲದಿದ್ದರೆ ಮಂಜೂರಾತಿ ಆದೇಶದ ಪ್ರತಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಹಿಡಿದು ನಾಡಕಚೇರಿಗೆ ಹೋಗಿ. ಆದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಎದುರಿಗೆ ನಿಲ್ಲಿಸಿ. ಕಂಪ್ಯೂಟರಿನಲ್ಲಿ ‘ಮರಣ’ ಅಂತ ಬಿದ್ದಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಬಾಯಿಮಾತು ಕೇಳಿಕೊಂಡು ಬರಬೇಡಿ. ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ನಿಲ್ಲಿಸಿದ ಕಾರಣ ಲಿಖಿತವಾಗಿ ಕೊಡಿ ಎಂದು ಕೇಳಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕಾರಣ ಏನು ಬರೆದುಕೊಟ್ಟರು ಅಂತ ನನಗೊಂದು ಕಾರ್ಡು ಹಾಕಿ.